ಅಂಕಿತವು ಕಾವ್ಯನಾಮವೇ?

ವಚನಕಾರರ ಪರಿಚಯವನ್ನು ಬರೆಯುವವರು ಈಚೆಗೆ ಒಂದು ಸಿದ್ಧಕ್ರಮವನ್ನು ಅನುಸರಿಸುತ್ತ ಬಂದಿದ್ದಾರೆ. ಹುಟ್ಟಿದ ಊರು, ತಾಯಿತಂದೆಗಳು, ಕಾಯಕ, ಐಕ್ಯಸ್ಥಳ ಇವುಗಳನ್ನು ಒಂದರ ಕೆಳಗೊಂದು ನಮೂದಿಸಿ, ಕೊನೆಯಲ್ಲಿ ‘ಕಾವ್ಯನಾಮ’ ಎಂದು ಬರೆದು ಅದರ ಮುಂದೆ ಅಂಕಿತವನ್ನು ಇಡುತ್ತಾರೆ. ಬೇಂದ್ರೆಯವರ ಕಾವ್ಯನಾಮ ಅಂಬಿಕಾತನಯದತ್ತ. ಪುಟ್ಟಪ್ಪನವರ ಕಾವ್ಯನಾಮ ಕುವೆಂಪು. ಬಸವಣ್ಣನವರ ಕಾವ್ಯನಾಮ ಕೂಡಲಸಂಗಮದೇವ. ಹೀಗೆ ಒಂದೇ ಸಾಲಿನಲ್ಲಿ ಓದುತ್ತ ಹೋದರೆ ತಪ್ಪೇನೂ ಕಂಡುಬರುವುದಿಲ್ಲ. ನನಗೂ ಬಹುಕಾಲ ಕಂಡುಬಂದಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದ ಕಾಲದಲ್ಲಿ, ಕೈಯಲ್ಲಿದ್ದ ಮಾರ್ಗದರ್ಶಿಯಲ್ಲಿ ಇದ್ದಂತೆಯೇ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಯಿಸುತ್ತಿದ್ದೆನು. ಒಂದು ದಿನ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, “ಕಾವ್ಯನಾಮ ಎಂದರೆ ಕವಿಯು ತನಗೆ ಇಟ್ಟುಕೊಂಡ ಹೆಸರು ಎಂದು ನೀವೇ ಹೇಳಿದ್ದೀರಿ. ಹಾಗಿದ್ದರೆ ಬಸವಣ್ಣನವರು ವಚನದ ಕೊನೆಯಲ್ಲಿ ತಮ್ಮನ್ನು ತಾವೇ ಕರೆದುಕೊಳ್ಳುತ್ತಿದ್ದರೆ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನು, “ಪರೀಕ್ಷೆಗೆ ಹಾಗೆಯೇ ಬರೆ” ಎಂದು ಹೇಳಿ ಕುಳ್ಳಿರಿಸಿದೆನು. ಆ ಉತ್ತರಕ್ಕಾಗಿ ನಾನು ಇಂದಿಗೂ ನಾಚುತ್ತೇನೆ. ಪ್ರಸ್ತುತ ಲೇಖನವು ಆ ಪ್ರಶ್ನೆಗೆ ಅಂದೇ ಕೊಡಬೇಕಾಗಿದ್ದ ಉತ್ತರವೆಂದು ವಾಚಕರು ಭಾವಿಸಬೇಕಾಗಿ ಪ್ರಾರ್ಥನೆ.

ಮೊದಲು ಶಬ್ದಗಳನ್ನು ನೋಡೋಣ. ‘ಹೆಸರು’ ಎಂಬುದು ನಮ್ಮ ನುಡಿಯ ಸ್ವಂತ ಮಾತು. ಹಳಗನ್ನಡದ ‘ಪೆಸರ್’, ತಮಿಳಿನ ‘ಪೆಯರ್’, ತೆಲುಗಿನ ‘ಪೇರು’, ಮಲೆಯಾಳದ ‘ಪೇರ್’ ಇವೆಲ್ಲ ಒಂದೇ ಬೇರಿನವು. ‘ನಾಮ’ವು ಸಂಸ್ಕೃತದ್ದು, ಪಾರಸಿಯ ‘ನಾಮ್’, ಲ್ಯಾಟಿನ್ ಭಾಷೆಯ ‘ನೋಮೆನ್’ ಅದರ ಬಂಧುಗಳು. ಇವೆರಡೂ ವ್ಯಕ್ತಿಯನ್ನು ಗುರುತಿಸುವ ಮಾತುಗಳು. ‘ಹೆಸರು’ ಎಂಬುದಕ್ಕೆ ಕೀರ್ತಿ ಎಂಬ ಅರ್ಥವೂ ಉಂಟು. ‘ಅವನು ಹೆಸರು ಮಾಡಿದನು’, ‘ಹೆಸರುವಾಸಿಯಾದನು’ ಎಂಬ ಮಾತುಗಳಲ್ಲಿ ಅದು ಸ್ಪಷ್ಟ. ‘ಅಂಕಿತ’ದ ದಾರಿಯೇ ಬೇರೆ. ‘ಅಂಕ’ ಎಂದರೆ ಗುರುತು. ಗುರುತು ಹಾಕಿಸಿಕೊಂಡದ್ದು ‘ಅಂಕಿತ’. ಶಾಸನಸಭೆ ಒಪ್ಪಿದ ಮಸೂದೆಗೆ ರಾಜ್ಯಪಾಲರ ಅಂಕಿತ ಬಿತ್ತು ಎಂದು ಪತ್ರಿಕೆಗಳು ಈಗಲೂ ಬರೆಯುತ್ತವೆ. ಮಸೂದೆಯನ್ನು ಬರೆದವರು ಬೇರೆ, ಅಂಕಿತ ಹಾಕುವವರು ಬೇರೆ. ದೇವರಿಗೆ ಬಿಟ್ಟ ಗೂಳಿಯ ಮೈಮೇಲೆ ಮುದ್ರೆಯೊತ್ತುವ ವಾಡಿಕೆ ನಮ್ಮ ಹಳ್ಳಿಗಳಲ್ಲಿತ್ತು. ಆ ಮುದ್ರೆ ಗೂಳಿಯ ಹೆಸರಲ್ಲ, ಅದು ಯಾರದೆಂಬುದರ ಗುರುತು. ವಚನದ ಅಂಕಿತವನ್ನೂ ಈ ಅರ್ಥದಲ್ಲಿಯೇ ಗ್ರಹಿಸಬೇಕೆಂಬುದು ನನ್ನ ವಾದ. ಅದು ನುಡಿದವನ ಹೆಸರಲ್ಲ. ನುಡಿ ಯಾರಿಗೆ ಸಂದಿತೋ ಅವನ ಹೆಸರು.

ಈ ಮಾತಿನ ಮಹತ್ವ ತಿಳಿಯಬೇಕಾದರೆ ನೆರೆಹೊರೆಯ ಭಾಷೆಗಳ ಪದ್ಧತಿಯೊಡನೆ ಹೋಲಿಸಬೇಕು. ಪದ್ಯದ ಕೊನೆಯಲ್ಲಿ ಒಂದು ಹೆಸರನ್ನು ಇಡುವ ರೂಢಿ ಭಾರತದ ಹಲವು ನುಡಿಗಳಲ್ಲಿ ಇದೆ. ಆದರೆ ಆ ಹೆಸರು ಯಾರದು ಎಂಬುದರಲ್ಲಿ ಭೇದವಿದೆ.

ಪಾರಸಿ ಮತ್ತು ಉರ್ದು ಕವಿಗಳು ಅದನ್ನು ‘ತಖಲ್ಲುಸ್’ ಎನ್ನುತ್ತಾರೆ. ನಮ್ಮ ಆಡುಮಾತಿನಲ್ಲಿ ಸೇರಿಹೋಗಿರುವ ‘ಖಲಾಸು’ ಎಂಬ ಶಬ್ದವೂ ಆ ಶಬ್ದವೂ ಒಂದೇ ಅರಬ್ಬೀ ಧಾತುವಿನಿಂದ ಬಂದವು. ಗಜಲಿನ ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಾನೆ. ಮಿರ್ಜಾ ಅಸದುಲ್ಲಾ ಖಾನರು ‘ಗಾಲಿಬ್’ ಆದದ್ದು ಹೀಗೆ. ಇದು ನಿಜವಾದ ಕಾವ್ಯನಾಮ. ಹಿಂದಿಯಲ್ಲಿ ‘ಛಾಪ್’ ಎಂಬ ಮಾತಿದೆ. ಕಬೀರರ ಪದಗಳು ಕಬೀರರ ಹೆಸರಿನಿಂದಲೇ ಮುಗಿಯುತ್ತವೆ. ಬಂಗಾಳದವರು ‘ಭಣಿತಾ’ ಎನ್ನುತ್ತಾರೆ. ಹೇಳಿದ್ದು ಎಂದು ಅದರ ಅರ್ಥ. ಜಯದೇವನ ಗೀತಗೋವಿಂದದಲ್ಲಿ, ಮೈಥಿಲಿಯ ವಿದ್ಯಾಪತಿಯಲ್ಲಿ ಕವಿಯ ಸ್ವಂತ ಹೆಸರೇ ಅಲ್ಲಿ ಬರುತ್ತದೆ. ಮರಾಠಿಯ ಅಭಂಗಗಳಲ್ಲಿಯೂ ಹೀಗೆಯೇ. ತುಕಾರಾಮರು ‘ತುಕಾ’ ಎಂದೇ ಮುದ್ರೆಯೊತ್ತುತ್ತಾರೆ. ತಮಿಳಿನ ತೇವಾರದಲ್ಲಿ ಜ್ಞಾನಸಂಬಂಧರು ಪದಿಗದ ಕೊನೆಯ ಪದ್ಯದಲ್ಲಿ ತಮ್ಮ ಹೆಸರನ್ನು, ತಮ್ಮ ಊರನ್ನು, ಹಾಡಿದವರಿಗೆ ದೊರೆಯುವ ಫಲವನ್ನು ಹೇಳುತ್ತಾರೆ. ಸುಂದರಮೂರ್ತಿಗಳು ‘ಆರೂರನ್’ ಎಂದು ತಮ್ಮನ್ನು ಹೆಸರಿಸಿಕೊಳ್ಳುತ್ತಾರೆ. ಇವರೆಲ್ಲ ಪರಮಭಕ್ತರೇ. ಆದುದರಿಂದ ಸ್ವಂತ ಹೆಸರನ್ನು ಹೇಳಿದವರೆಲ್ಲ ಅಹಂಕಾರಿಗಳು, ಹೇಳದ ನಮ್ಮವರು ಮಾತ್ರ ವಿನಯಿಗಳು ಎಂದು ತೀರ್ಪು ಕೊಡುವುದು ಸಲ್ಲದು. ಪದ್ಧತಿಗಳು ಬೇರೆ ಎಂಬಷ್ಟೇ ಇಲ್ಲಿನ ವಿಚಾರ.

ಪಂಜಾಬಿನ ಗುರುಗ್ರಂಥಸಾಹಿಬದ ಕ್ರಮ ಇನ್ನೂ ವಿಚಾರಾರ್ಹವಾದುದು. ಅದರಲ್ಲಿ ಆರು ಮಂದಿ ಗುರುಗಳ ವಾಣಿಯಿದೆ. ಆರು ಮಂದಿಯೂ ‘ನಾನಕ’ ಎಂಬ ಒಂದೇ ಹೆಸರಿನಿಂದ ಮುಗಿಸುತ್ತಾರೆ. ಯಾವುದು ಯಾವ ಗುರುವಿನದೆಂದು ತಿಳಿಯಲು ‘ಮಹಲಾ’ ಎಂಬ ಮಾತಿನ ಮುಂದೆ ಅಂಕೆಯನ್ನು ಹಾಕಿರುತ್ತಾರೆ. ಅಲ್ಲಿ ಹಲವು ವ್ಯಕ್ತಿಗಳು ಸೇರಿ ಒಂದು ಹೆಸರಿನೊಳಗೆ ಅಡಗಿದರು. ಶರಣರಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಒಬ್ಬನೇ ಶಿವನು ಅಸಂಖ್ಯಾತ ಹೆಸರುಗಳನ್ನು ಹೊತ್ತನು. ಅಂಗೈಯೊಳಗಣ ಇಷ್ಟಲಿಂಗವು ತತ್ತ್ವತಃ ಒಂದೇ ಆದರೂ ಒಬ್ಬೊಬ್ಬ ಶರಣನಿಗೂ ಅವನದೇ ಆದ ಲಿಂಗ ಉಂಟಷ್ಟೆ; ಅಂಕಿತವೂ ಅಂತೆಯೇ. ಒಬ್ಬರ ಲಿಂಗವನ್ನು ಮತ್ತೊಬ್ಬರ ಕೈಗೆ ಕೊಡಲಾಗದಂತೆ ಒಬ್ಬರ ಅಂಕಿತವನ್ನು ಮತ್ತೊಬ್ಬರ ವಚನಕ್ಕೆ ಹಚ್ಚಲಾಗದು.

ನಮ್ಮ ಪದ್ಧತಿಗೆ ಅತಿ ಸಮೀಪವಾದುದು ತೆಲುಗು ಶತಕಗಳ ‘ಮಕುಟ’. ಪ್ರತಿ ಪದ್ಯದ ಕೊನೆಗೂ ದೇವರ ಸಂಬೋಧನೆ ಕಿರೀಟದಂತೆ ಕೂರುವುದರಿಂದ ಆ ಹೆಸರು. ಪಾಲ್ಕುರಿಕೆ ಸೋಮನಾಥನ ವೃಷಾಧಿಪ ಶತಕದಲ್ಲಿ ಬಸವಣ್ಣನವರ ಹೆಸರೇ ಮಕುಟವಾಗಿದೆ. ಆದರೆ ಮಕುಟವು ಕೃತಿಗೆ ಸೇರಿದ್ದು. ಇನ್ನೊಂದು ಶತಕ ಬರೆದರೆ ಇನ್ನೊಂದು ಮಕುಟ. ಅಂಕಿತವು ಬಾಳಿಗೆ ಸೇರಿದ್ದು. ಕನ್ನಡದ ಹರಿದಾಸರ ಮುದ್ರಿಕೆಯೂ ಇದೇ ದಾರಿಯದು. ಪುರಂದರವಿಠಲ, ಕಾಗಿನೆಲೆಯ ಆದಿಕೇಶವ ಇವು ದೇವರ ಹೆಸರುಗಳೇ. ದಾಸಪರಂಪರೆಯಲ್ಲಿ ಗುರುವು ಶಿಷ್ಯನಿಗೆ ಅಂಕಿತವನ್ನು ಪ್ರದಾನ ಮಾಡುವ ಸಂಸ್ಕಾರವೇ ಬೆಳೆದುಬಂದಿತು. ಹಾಡಿದವನ ಹೆಸರನ್ನು ಬಿಟ್ಟು ಕೇಳುವವನ ಹೆಸರನ್ನು ಇಡುವ ಈ ಕ್ರಮ ಕನ್ನಡದ ಭಕ್ತಿಸಾಹಿತ್ಯದಲ್ಲಿ ಇಷ್ಟು ಆಳವಾಗಿ ಬೇರೂರಲು ವಚನಕಾರರೇ ಮೊದಲ ಕಾರಣರು.

ಇನ್ನು ಅಂಕಿತಗಳೊಳಗಣ ವೈವಿಧ್ಯವನ್ನು ಪರಿಶೀಲಿಸಬಹುದು. ಕೆಲವು ಅಂಕಿತಗಳು ಸ್ಥಳವನ್ನು ಹಿಡಿದವು. ಕೃಷ್ಣಾ ಮಲಪ್ರಭೆಗಳ ಕೂಡಲಿನ ದೇವರು ಬಸವಣ್ಣನವರ ಅಂಕಿತ. ಮುದನೂರಿನ ರಾಮನಾಥನು ಜೇಡರ ದಾಸಿಮಯ್ಯನವರ ಅಂಕಿತ. ಆದಯ್ಯನವರದು ಸೌರಾಷ್ಟ್ರ ಸೋಮೇಶ್ವರ. ಸಿದ್ಧರಾಮರದು ಸೊನ್ನಲಿಗೆಯ ಕಪಿಲಸಿದ್ಧಮಲ್ಲಿಕಾರ್ಜುನ. ಮಹಾದೇವಿಯಕ್ಕನದು ಶ್ರೀಶೈಲದತ್ತ ಮುಖ ಮಾಡಿದ ಚೆನ್ನಮಲ್ಲಿಕಾರ್ಜುನ. ಸ್ಥಾವರವನ್ನು ಮೀರಿ ನಡೆದವರು ಸ್ಥಾವರದ ಹೆಸರನ್ನೇ ಉಳಿಸಿಕೊಂಡರೇಕೆ ಎಂಬ ಆಕ್ಷೇಪವನ್ನು ಕೆಲವರು ಎತ್ತುವುದುಂಟು. ಊರಿನ ದೇವರನ್ನು ಅವರು ನಾಲಗೆಯಲ್ಲಿ ಹೊತ್ತು ತಂದು ಜಂಗಮವನ್ನಾಗಿ ಮಾಡಿದರು ಎಂಬುದೇ ಅದಕ್ಕೆ ಉತ್ತರವೆಂದು ನನಗೆ ತೋರುತ್ತದೆ. ಕಲ್ಯಾಣದ ಅರಮನೆಯ ಕರಣಿಕರ ನಡುವೆ ಕುಳಿತು ಕೂಡಲಸಂಗನನ್ನು ಕರೆದಾಗ ಆ ದೇವರು ಗುಡಿಯಲ್ಲಿ ಉಳಿದಿರಲಿಲ್ಲ.

ಎರಡನೆಯ ಬಗೆಯವು ಕಾಯಕವನ್ನು ಹಿಡಿದವು. ತುರುಗಾಹಿ ರಾಮಣ್ಣನವರ ಅಂಕಿತ ಗೋಪತಿನಾಥ ವಿಶ್ವೇಶ್ವರಲಿಂಗ. ದನ ಕಾಯುವವನ ದೇವರು ದನಗಳ ಒಡೆಯನಾಗಿದ್ದಾನೆ. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಂಟಗಳೇ ಸೇರಿಕೊಂಡಿವೆ. ಚರ್ಮ ಕೊರೆಯುವ ಸಲಕರಣೆಗಳು ದೇವರ ಹೆಸರಿನ ಅಂಗವಾಗಬಲ್ಲವು ಎಂಬುದನ್ನು ಆ ಶತಮಾನದಲ್ಲಿ ಒಬ್ಬನು ಎಣಿಸಿ ನುಡಿದನೆಂಬುದನ್ನು ನಾವು ಇನ್ನೂ ಪೂರ್ಣವಾಗಿ ಮನಗಂಡಿಲ್ಲ.

ಮೂರನೆಯ ಬಗೆಯಲ್ಲಿ ಶರಣರ ಹೆಸರಿಗೂ ಅಂಕಿತಕ್ಕೂ ಸಾದೃಶ್ಯವಿದೆ. ನುಲಿಯ ಚಂದಯ್ಯನವರದು ಚಂದೇಶ್ವರಲಿಂಗ. ಸುಂಕದ ಬಂಕಣ್ಣನವರದು ಬಂಕೇಶ್ವರಲಿಂಗ. ಇಲ್ಲಿ ಸ್ವಂತ ಹೆಸರು ನುಸುಳಿತಲ್ಲವೇ ಎಂದು ಕೇಳಬಹುದು. ಇದಕ್ಕೆ ಹಿನ್ನೆಲೆಯಾದ ಒಂದು ರಾಜಪದ್ಧತಿಯನ್ನು ನೆನೆಯಬೇಕು. ಗುಡಿ ಕಟ್ಟಿಸಿದವರ ಹೆಸರನ್ನು ಲಿಂಗಕ್ಕೆ ಇಡುವುದು ಕನ್ನಡ ನಾಡಿನ ಹಳೆಯ ರೂಢಿ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ವಿಜಯಾದಿತ್ಯನು ಕಟ್ಟಿಸಿದ್ದು ವಿಜಯೇಶ್ವರ. ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ, ಅದನ್ನೇ ಇಂದು ವಿರೂಪಾಕ್ಷ ಗುಡಿ ಎನ್ನುತ್ತೇವೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ನಿಂತಿದ್ದಾನೆ. ಹಣವುಳ್ಳವರಿಗೆ, ಪಟ್ಟವುಳ್ಳವರಿಗೆ ಮಾತ್ರ ಮೀಸಲಾಗಿದ್ದ ಈ ಭಾಗ್ಯವನ್ನು ಹಗ್ಗ ಹೊಸೆಯುವ ಒಬ್ಬ ಚಂದಯ್ಯನು ಒಂದು ಕಲ್ಲನ್ನೂ ಎತ್ತಿ ನಿಲ್ಲಿಸದೆ ಪಡೆದನು. ಇದನ್ನು ಹೆಸರಿನ ಮೋಹವೆನ್ನುವುದಕ್ಕಿಂತ ಹೆಸರನ್ನು ಲಿಂಗಕ್ಕೆ ಒಪ್ಪಿಸಿದ ಬಗೆಯೆನ್ನುವುದು ಹೆಚ್ಚು ಸಮಂಜಸ.

ನಾಲ್ಕನೆಯವು ‘ಪ್ರಿಯ’ ಎಂಬ ಮಾತುಳ್ಳ ಅಂಕಿತಗಳು. ಆಯ್ದಕ್ಕಿ ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಅವರ ಪತ್ನಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹಡಪದ ಅಪ್ಪಣ್ಣನವರದು ಬಸವಪ್ರಿಯ ಕೂಡಲಚೆನ್ನಬಸವಣ್ಣ. ಲಿಂಗಮ್ಮನವರದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಇಲ್ಲಿ ದೇವರ ಹೆಸರಿನೊಳಗೆ ಮನುಷ್ಯರ ಹೆಸರು ಬಂದಿದೆ. ಆದರೆ ಅದು ತನ್ನದಲ್ಲ, ತಾನು ಪ್ರೀತಿಸಿದವರದು. ಲಕ್ಕಮ್ಮನವರು ಗಂಡನ ಹೆಸರನ್ನು ಹೊತ್ತರೆಂದ ಮಾತ್ರಕ್ಕೆ ಅವರು ಗಂಡನ ನೆರಳಾಗಿದ್ದರೆಂದು ತಿಳಿಯಬಾರದು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ತಿದ್ದಿ ಹಿಂದಕ್ಕೆ ಕಳುಹಿಸಿದವರು ಅವರೇ. ಆ ತಿದ್ದುವ ವಚನಗಳ ಕೊನೆಯಲ್ಲಿಯೂ ಮಾರಯ್ಯನ ಹೆಸರು ‘ಪ್ರಿಯ’ ಎಂಬ ಮಾತಿನೊಡನೆಯೇ ಇದೆ. ಮುಕ್ತಾಯಕ್ಕನ ಅಂಕಿತವಂತೂ ಅಜಗಣ್ಣ. ಅಗಲಿದ ಅಣ್ಣನೇ ಆಕೆಗೆ ಕರೆಯುವ ಹೆಸರಾದನು. ‘ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ’ ಎಂಬಲ್ಲಿ ಪೆದ್ದಿಗಳ ಸ್ವಂತ ಹೆಸರಿದೆ ನಿಜ. ಅಲ್ಲಿಯೂ ಕೊನೆಗೆ ನಿಲ್ಲುವುದು ವಿಶ್ವೇಶ್ವರನೇ. ಮೀರಾಬಾಯಿಯವರು ತಮ್ಮ ಹೆಸರಿನ ಬೆನ್ನಿಗೆ ಗಿರಿಧರನ ಹೆಸರನ್ನು ತಂದಂತೆ.

ಈ ವಾದಕ್ಕೆ ಎದುರಾಗಿ ನಿಲ್ಲುವವರು ಒಬ್ಬರಿದ್ದಾರೆ. ಅವರೇ ಅಂಬಿಗರ ಚೌಡಯ್ಯನವರು. ಅವರ ವಚನಗಳು ಅವರ ಹೆಸರಿನಿಂದಲೇ ಮುಗಿಯುತ್ತವೆ, ಅದೂ ಕಾಯಕಸಹಿತವಾಗಿ. ಇದನ್ನು ಅಪವಾದವೆಂದು ಬದಿಗೆ ಸರಿಸುವುದು ವಿಮರ್ಶೆಯ ಧರ್ಮವಲ್ಲ. ಚೌಡಯ್ಯನವರ ವಚನಗಳು ಬಹುಮಟ್ಟಿಗೆ ದೇವರೊಡನೆ ಆಡಿದ ಮಾತುಗಳಲ್ಲ. ಡಾಂಭಿಕರ ಮುಖಕ್ಕೆ ಎಸೆದ ಮಾತುಗಳು. ನಿಷ್ಠುರವಾಗಿ ನುಡಿದವನು ದೇವರ ಹೆಸರಿನ ಹಿಂದೆ ಅಡಗಿಕೊಳ್ಳದೆ, ಹೇಳಿದವನು ನಾನು ಎಂದು ಎದುರಿಗೆ ನಿಲ್ಲಬೇಕಾಗುತ್ತದೆ. ಪ್ರಾರ್ಥನೆಗೆ ಕೇಳುವವನ ಹೆಸರು ಬೇಕು. ಸವಾಲಿಗೆ ಹಾಕಿದವನ ಹೆಸರು ಬೇಕು. ಮುಂದೆ ಸರ್ವಜ್ಞನ ತ್ರಿಪದಿಗಳಲ್ಲಿಯೂ ಸ್ವಂತ ಹೆಸರೇ ಮುದ್ರೆಯಾದುದಕ್ಕೆ ಇದೇ ಕಾರಣವಿರಬಹುದು. ಆದುದರಿಂದ ಚೌಡಯ್ಯನವರು ನಿಯಮವನ್ನು ಮುರಿದರೆನ್ನುವುದಕ್ಕಿಂತ, ಅಂಕಿತದ ಸ್ಥಾನದಲ್ಲಿ ಏನಿರಬೇಕೆಂಬುದನ್ನು ನುಡಿಯ ದಿಕ್ಕು ನಿರ್ಧರಿಸುತ್ತದೆಂಬುದನ್ನು ತೋರಿಸಿಕೊಟ್ಟರೆನ್ನಬೇಕು.

ಅಂಕಿತವು ವಾಕ್ಯದೊಳಗೆ ಮಾಡುವ ಕೆಲಸವನ್ನು ಗಮನಿಸಿದರೆ ಕಾವ್ಯನಾಮವೆಂಬ ಮಾತು ಇನ್ನಷ್ಟು ದುರ್ಬಲವಾಗುತ್ತದೆ. ‘ಕೂಡಲಸಂಗಮದೇವಾ’ ಎಂದು ಕೊನೆಯ ಸ್ವರ ದೀರ್ಘವಾದಾಗ ಅದು ಸಂಬೋಧನೆ. ‘ಕೂಡಲಸಂಗಮದೇವನು’ ಎಂದಾಗ ಒಲಿಯುವ ಇಲ್ಲವೆ ಒಲ್ಲದ ಕರ್ತೃ. ಅಲ್ಲಮಪ್ರಭುಗಳು ಮತ್ತೆ ಮತ್ತೆ ಬಳಸುವ ‘ಗುಹೇಶ್ವರನೆಂಬ’ ಎಂಬ ರೂಪದಲ್ಲಿ ಹೆಸರಿಗೂ ವಸ್ತುವಿಗೂ ನಡುವೆ ಒಂದು ‘ಎಂಬ’ ಬಂದು ನಿಲ್ಲುತ್ತದೆ; ಹೆಸರು ಹೆಸರಷ್ಟೇ, ವಸ್ತು ಅದರಾಚೆಗಿದೆ ಎಂದು ಆ ಎರಡಕ್ಷರ ಎಚ್ಚರಿಸುತ್ತದೆ. ಬರೆದವನ ಹೆಸರನ್ನು ತೆಗೆದರೂ ಪದ್ಯ ನಿಲ್ಲುತ್ತದೆ. ವಚನದಿಂದ ಅಂಕಿತವನ್ನು ತೆಗೆದರೆ ಮಾತು ಕೇಳುವವನಿಲ್ಲದೆ ಉಳಿಯುತ್ತದೆ.

ಹಾಗಾದರೆ ಶರಣರ ಸ್ವಂತ ಹೆಸರಿಗೆ ಎಲ್ಲಿ ಸ್ಥಾನ? ಅದು ವಚನದ ಹೊರಗೆ, ಕಾಯಕದ ಜೊತೆಯಲ್ಲಿ. ಮಾರಯ್ಯ ಎಂಬ ಹೆಸರಿನವರು ಹಲವರು. ಅಕ್ಕಿ ಆಯುವವರು ಆಯ್ದಕ್ಕಿ ಮಾರಯ್ಯ. ಸೌದೆಯ ಹೊರೆ ಹೊರುವವರು ಮೋಳಿಗೆಯ ಮಾರಯ್ಯ. ಹೆಂಡ ಮಾರುತ್ತಿದ್ದವರು ಹೆಂಡದ ಮಾರಯ್ಯ. ದೋಣಿಯ ಚೌಡಯ್ಯನವರಿಂದ ವೇಷದ ಚೌಡಯ್ಯನವರನ್ನು ಬೇರ್ಪಡಿಸುವುದು ‘ಬಹುರೂಪಿ’ ಎಂಬ ಮಾತು. ಇವು ಇಂದಿನ ಅಡ್ಡಹೆಸರುಗಳಂತೆ ಕಾಣುತ್ತವೆ, ಆದರೆ ಅಡ್ಡಹೆಸರುಗಳಲ್ಲ. ಅಡ್ಡಹೆಸರು ತಂದೆಯಿಂದ ಮಗನಿಗೆ ಇಳಿಯುತ್ತದೆ. ಬಡಿಗೇರನ ಮಗನು ಉಳಿ ಮುಟ್ಟದಿದ್ದರೂ ಬಡಿಗೇರನೇ. ಮೋಳಿಗೆಯ ಮಾರಯ್ಯನವರು ಮೊದಲು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ವಂಶವನ್ನು ಹಿಡಿದು ಹೆಸರಿಡುವುದಾಗಿದ್ದರೆ ಅವರು ಅರಸು ಮಾರಯ್ಯರಾಗಬೇಕಿತ್ತು. ಪರಂಪರೆ ಅವರ ಕಿರೀಟವನ್ನು ಮರೆತು ಹೊರೆಯನ್ನು ನೆನಪಿಟ್ಟುಕೊಂಡಿತು. ಹುಟ್ಟಿನಿಂದ ಬಂದ ಹೆಸರನ್ನು ದುಡಿಮೆಯಿಂದ ಬಂದ ಹೆಸರು ಹಿಂದೆ ಹಾಕಿದ್ದು ಹೀಗೆ. ಇದೇ ಕಾಯಕನಾಮಗಳು ಮುಂದೆ ಜಾತಿಯ ಹೆಸರುಗಳಾಗಿ ಗಟ್ಟಿಯಾದವು. ಹಾಜರಿ ಕರೆಯುವಾಗ ತಮ್ಮ ಅಡ್ಡಹೆಸರಿಗೆ ತಲೆ ತಗ್ಗಿಸಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಅದು ಶರಣರ ತಪ್ಪಲ್ಲ, ನಮ್ಮದು.

ಕೆಳಗೆ ದುಡಿಮೆಯ ಹೆಸರು, ಮೇಲೆ ಒಡೆಯನ ಹೆಸರು. ಈ ಎರಡರ ನಡುವೆ ಶರಣರ ನುಡಿ ಇದೆ. ಈ ವ್ಯವಸ್ಥೆಯನ್ನು ಮರೆತಾಗ ಆಗುವ ಹಾನಿಗೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಮೊದಲನೆಯದು ಅನುವಾದದ್ದು. ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಇಂಗ್ಲಿಷ್ ಸಂಕಲನದಲ್ಲಿ ಅಂಕಿತಗಳನ್ನು ಅರ್ಥಕ್ಕೆ ತಿರುಗಿಸಿದರು. ಕೂಡಲಸಂಗಮದೇವನು ಕೂಡುವ ಹೊಳೆಗಳ ಒಡೆಯನಾದನು. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬಿಳಿದಾದ ಒಡೆಯನಾದನು. ಅವರಿಂದಲೇ ವಚನಗಳು ಲೋಕಕ್ಕೆ ತಿಳಿದವು. ಆ ಉಪಕಾರ ದೊಡ್ಡದು. ಆ ಅರ್ಥಗಳೂ ಸುಂದರವಾಗಿವೆ. ಆದರೆ ತಾಯಿ ಮಗುವನ್ನು ಕರೆಯುವಾಗ ಹೆಸರಿನ ಅರ್ಥವನ್ನು ಕರೆಯುವುದಿಲ್ಲ. ಮಹಾದೇವಿಯಕ್ಕ ಕರೆದದ್ದು ಶ್ರೀಶೈಲದ ಒಬ್ಬನನ್ನು, ‘ಚೆನ್ನ’ನೆಂಬ ಸಲುಗೆಯಿಂದ. ಅನುವಾದದಲ್ಲಿ ಹೂವಿನ ಬಿಳುಪು ಉಳಿದು ಆ ಸಲುಗೆ ಕಳೆಯಿತು.

ಎರಡನೆಯದು ನಮ್ಮ ನಡುವೆಯೇ ನಡೆದುದು. ಬಸವಣ್ಣನವರ ವಚನಗಳ ಒಂದು ಆವೃತ್ತಿಯಲ್ಲಿ ಕೂಡಲಸಂಗಮದೇವ ಎಂಬುದರ ಬದಲು ಲಿಂಗದೇವ ಎಂದು ಅಚ್ಚಾಯಿತು. ಕರ್ನಾಟಕ ಸರ್ಕಾರವು 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ವಾದವೆಲ್ಲ ಶ್ರದ್ಧೆಗೆ ಆದ ನೋವಿನ ಸುತ್ತ ನಡೆಯಿತು. ಆ ನೋವು ನಿಜ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಇನ್ನೊಂದು ಕಾರಣವೂ ತಿಳಿದಿರಬೇಕು. ಅಂಕಿತವನ್ನು ಕಾವ್ಯನಾಮವೆಂದು ತಿಳಿದರೆ ಅದು ಪದ್ಯದ ತುದಿಯ ಒಂದು ಚೀಟಿ. ಚೀಟಿಯನ್ನು ಬದಲಿಸಬಹುದೆಂಬ ಧೈರ್ಯ ಅಲ್ಲಿಂದಲೇ ಹುಟ್ಟುತ್ತದೆ. ಬಾಲ್ಯವನ್ನು ಕಳೆದ ಹೊಳೆಯ ದಡವನ್ನು, ಕೊನೆಗೆ ಮರಳಿ ಹೋಗಿ ಐಕ್ಯವಾದ ನೆಲವನ್ನು ಒಂದೇ ಮಾತಿನಲ್ಲಿ ಹಿಡಿದ ಹೆಸರದು. ಅದಕ್ಕೆ ಪರ್ಯಾಯಪದವಿಲ್ಲ.

1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ ಹಿಡಿದು ಸರ್ಕಾರದ ಸಮಗ್ರ ವಚನ ಸಂಪುಟಗಳ ತನಕ, ಓಲೆಗರಿಗಳಲ್ಲಿ ಕಲೆತುಹೋಗಿದ್ದ ವಚನಗಳನ್ನು ಸಂಪಾದಕರು ಬಿಡಿಸಿ ಜೋಡಿಸಿದ್ದು ಮುಖ್ಯವಾಗಿ ಅಂಕಿತಗಳ ಬಲದಿಂದಲೇ. ಆ ಶ್ರಮದ ಕೊನೆಯಲ್ಲಿಯೂ ಕೆಲವು ವಚನಗಳ ಕರ್ತೃಗಳು ಯಾರೆಂದು ತಿಳಿಯಲಿಲ್ಲ. ಅಂಕಿತವಿದೆ, ಶರಣನ ಹೆಸರಿಲ್ಲ. ಸಂಪುಟದ ಆ ಪುಟಗಳನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಯಾವ ಊರಿನವರೋ, ಯಾವ ಕಾಯಕದವರೋ, ಗಂಡೋ ಹೆಣ್ಣೋ ತಿಳಿಯದು. ಅವರು ಕರೆದ ಹೆಸರು ಮಾತ್ರ ಉಳಿದಿದೆ. ಅಂಕಿತವು ಕಾವ್ಯನಾಮವಾಗಿದ್ದರೆ ನಾವು ಆ ಹೆಸರನ್ನೇ ಅವರಿಗೆ ಇಟ್ಟು ಸುಮ್ಮನಾಗಬಹುದಿತ್ತು. ಸಂಪಾದಕರು ಹಾಗೆ ಮಾಡದೆ ‘ಅಜ್ಞಾತ ವಚನಕಾರರು’ ಎಂದು ಬರೆದರು. ಅದು ಸರಿಯಾದ ವಿವೇಕ.

ಬೋಧಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಇನ್ನು ಮುಂದೆ ಹಲಗೆಯ ಮೇಲೆ ಬರೆಯುವಾಗ ‘ಅಂಕಿತ’ ಎಂಬ ಮಾತನ್ನೇ ಬರೆಯಿರಿ; ಕಾವ್ಯನಾಮವನ್ನು ಆಧುನಿಕ ಕವಿಗಳಿಗೆ ಬಿಡಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು, ಇವೆರಡಕ್ಕೂ ಏನು ಭೇದ ಎಂದು ಕೇಳಿದರೆ ಅವರನ್ನು ಕುಳ್ಳಿರಿಸಬೇಡಿ. ಒಂದು ಬರೆದವರ ಹೆಸರು, ಇನ್ನೊಂದು ಕರೆದವರ ಹೆಸರಲ್ಲ, ಕರೆಸಿಕೊಂಡವನ ಹೆಸರು ಎಂದು ಹೇಳಿ. ಆ ಹುಡುಗಿಗೆ ನಾನು ಅಷ್ಟನ್ನು ಹೇಳಿದ್ದರೆ ಸಾಕಾಗಿತ್ತು.